ಕಡಲ ಮೇಲೆ ಬರೆದ ಊರುಗಳು

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಒಂದಲ್ಲ ಒಂದು ದಿನ ಫೋನಿನ ಪರದೆಯನ್ನು ನಿಮ್ಮ ಮುಂದೆ ಹಿಡಿದು ಇಂಥದೊಂದು ಚಿತ್ರವನ್ನು ತೋರಿಸಿರಬೇಕು. ಕಣ್ಣು ಹಾಯುವಷ್ಟು ದೂರ ನೀಲಿ ಕಡಲು. ಅದರ ನಡುವೆ ಬಿಳಿಯ ತಾವರೆ ಅರಳಿದಂತೆ ಒಂದು ಪಟ್ಟಣ. ದಳದಳದಲ್ಲಿಯೂ ಮನೆಗಳು, ಮಾಳಿಗೆಯ ಮೇಲೆ ತೋಟಗಳು. ಕೆಳಗೆ ನೀರಿನೊಳಗೆ ಗಾಜಿನ ಗುಮ್ಮಟ, ಅದರ ಸುತ್ತ ಮೀನುಗಳ ಹಿಂಡು. ಎಲ್ಲಿದೆ ಇದು ಎಂದು ನೀವು ಕೇಳುತ್ತೀರಿ. ಎಲ್ಲಿಯೂ ಇಲ್ಲ, ವೈಜ್ಞಾನಿಕ ಕಥೆಗೆಂದು ಯಾರೋ ಕಂಪ್ಯೂಟರಿನಲ್ಲಿ ಬರೆದದ್ದು ಎಂಬ ಉತ್ತರ ಬರುತ್ತದೆ. ಅಲ್ಲಿಗೆ ನೀವು ಚಿತ್ರವನ್ನು ಬಿಟ್ಟು ಕಾಫಿಯ ಲೋಟದ ಕಡೆಗೆ ತಿರುಗಿದ್ದರೆ ತಪ್ಪೇನೂ ಇಲ್ಲ. ಆದರೆ ಇಂಥ ಚಿತ್ರಗಳಿಗೂ ಒಂದು ಚರಿತ್ರೆ ಉಂಟು. ಅವುಗಳಲ್ಲಿ ಒಂದು ನಿಜವಾಗಿಯೇ ಕಡಲಿಗೆ ಇಳಿದು, ಕಾಲು ಶತಮಾನ ತೇಲಿ, ಕೊನೆಗೆ ಗುಜರಿಗೆ ಹೋಯಿತು. ಆ ಸಂಗತಿಯನ್ನು ತಿಳಿದು ನೋಡಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ಮೊದಲು ಚಿತ್ರದ ನೀರನ್ನೇ ನೋಡೋಣ. ಹಿಂದಿನ ಕಲಾವಿದನಿಗೆ ಬೆಟ್ಟ ಬರೆಯುವುದು ಸುಲಭ, ನೀರು ಬರೆಯುವುದು ಕಷ್ಟ. ಕೆರೆಯ ದಂಡೆಯಲ್ಲಿ ನಿಂತು ಕಾಲಬುಡದ ನೀರನ್ನು ನೋಡಿ; ತಳದ ಕಲ್ಲು ಕಾಣುತ್ತದೆ. ತಲೆಯೆತ್ತಿ ಆಚೆಯ ದಡದ ಕಡೆ ನೋಡಿ. ಅದೇ ನೀರು ಕನ್ನಡಿಯಾಗಿ ಆಕಾಶವನ್ನೂ ಮರಗಳನ್ನೂ ತೋರಿಸುತ್ತದೆ. ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೀರು ಹಿಂದಿರುಗಿಸುವುದು ನೂರರಲ್ಲಿ ಸುಮಾರು ೨ ಪಾಲು. ಓರೆಯಾದಷ್ಟೂ ಆ ಪಾಲು ಏರುತ್ತಾ ಹೋಗುತ್ತದೆ. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಂಡ ಈ ನಿಯಮವನ್ನು ಇಂದು ಕಂಪ್ಯೂಟರು ಚಿತ್ರದ ಒಂದೊಂದು ಚುಕ್ಕೆಗೂ ಲೆಕ್ಕ ಹಾಕಿ ಬಣ್ಣ ಕೊಡುತ್ತದೆ. ಅಲೆಗಳೂ ಹಾಗೆಯೇ. ಸಮುದ್ರವಿಜ್ಞಾನಿಗಳು ಇಷ್ಟು ಗಾಳಿ ಬೀಸಿದರೆ ಇಷ್ಟಿಷ್ಟು ಉದ್ದದ ಅಲೆಗಳು ಏಳುತ್ತವೆ ಎಂದು ಅಳೆದಿಟ್ಟಿದ್ದರು. ಅಂಥ ಸಾವಿರಾರು ಅಲೆಗಳನ್ನು ಒಂದರ ಮೇಲೊಂದು ಕೂಡಿಸಿ ಕಡಲನ್ನು ಹೆಣೆಯುವ ವಿಧಾನವನ್ನು ಜೆರಿ ಟೆಸೆಂಡಾರ್ಫ್ ಎಂಬ ಭೌತವಿಜ್ಞಾನಿ ೧೯೯೦ರ ದಶಕದ ಕೊನೆಯ ಹೊತ್ತಿಗೆ ಚಿತ್ರಕಾರರ ಕೈಗೆಟಕುವಂತೆ ವಿವರಿಸಿಕೊಟ್ಟರು. ಈಗ ಗಾಳಿಯ ವೇಗವನ್ನು ಒಂದು ಅಂಕಿಯಲ್ಲಿ ಕೊಟ್ಟರೆ ಸಾಕು, ಪರದೆಯ ಮೇಲೆ ಸಮುದ್ರ ಹರಡುತ್ತದೆ.

ಇಷ್ಟು ಬಲವಾದ ಸಾಧನ ಕೈಯಲ್ಲಿದ್ದರೂ ನಮ್ಮ ತಾವರೆಪಟ್ಟಣದ ಕಲಾವಿದ ಆ ಅಂಕಿಯನ್ನು ಯಾವಾಗಲೂ ಕಡಿಮೆಯಾಗಿಯೇ ಇಡುತ್ತಾನೆ. ಇಂಥ ಚಿತ್ರಗಳಲ್ಲಿ ಬಿರುಗಾಳಿ ಬಹಳ ಅಪರೂಪ. ಊರು ತಟ್ಟೆಯಲ್ಲಿಟ್ಟ ಹೋಳಿಗೆಯಂತೆ ಕದಲದೆ ಕುಳಿತಿರುತ್ತದೆ. ಹಾಗೆ ಕುಳಿತಿರಬೇಕಾದರೆ ಕೆಳಗೆ ಏನಿರಬೇಕು?

ಹಿತ್ತಿಲ ಬಾವಿಗೆ ಬಿದ್ದ ಬರಿಯ ಕೊಡವನ್ನು ನೀವು ಕಂಡಿರಬಹುದು. ಅದು ಪಕ್ಕಕ್ಕೆ ವಾಲಿ ಹೊರಳಾಡುತ್ತಾ ತೇಲುತ್ತದೆ. ಒಂದಿಷ್ಟು ನೀರು ಒಳಗೆ ಹೊಕ್ಕರೆ ನೆಟ್ಟಗೆ ನಿಲ್ಲುತ್ತದೆ. ತೇಲುವ ಕಟ್ಟಡದ ಮೊದಲನೆಯ ಪಾಠ ಇದೇ: ತೂಕ ತಳದಲ್ಲಿರಬೇಕು. ಎರಡನೆಯ ಪಾಠ ಅಲೆಯದು. ಎಂಟು ಸೆಕೆಂಡಿಗೊಂದರಂತೆ ಬರುವ ಅಲೆಗಳು ಆಳದ ಕಡಲಿನಲ್ಲಿ ಒಂದರ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು ೧೦೦ ಮೀಟರ್ ಉದ್ದವಿರುತ್ತವೆ. ಮೇಲೆ ಎಷ್ಟೇ ಕುಣಿದರೂ, ೧೫ ಮೀಟರ್ ಕೆಳಗೆ ಆ ಕುಣಿತದ ಐದರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ; ೫೦ ಮೀಟರ್ ಇಳಿದರೆ ನೂರರಲ್ಲಿ ನಾಲ್ಕು ಪಾಲು. ಆದುದರಿಂದ ಕಡಲಿನಲ್ಲಿ ಎಣ್ಣೆಬಾವಿ ಕೊರೆಯುವವರು ತಮ್ಮ ತೇಲುವ ಕಟ್ಟೆಯ ದೊಡ್ಡ ದೋಣಿಗಳನ್ನು ಆಳದಲ್ಲಿ ಮುಳುಗಿಸಿ, ಅವುಗಳ ಮೇಲೆ ಸಪುರವಾದ ಕಂಬಗಳನ್ನೆತ್ತಿ, ಕಂಬಗಳ ತಲೆಯ ಮೇಲೆ, ಅಲೆಗೆ ಸಿಗದಷ್ಟು ಎತ್ತರದಲ್ಲಿ ಕೆಲಸದ ಅಂಗಳವನ್ನು ಇಡುತ್ತಾರೆ. ಅಲೆ ಕಂಬಗಳ ನಡುವೆ ನುಗ್ಗಿ ಹೋಗುತ್ತದೆ, ಹಿಡಿದು ಎತ್ತಲು ಅದಕ್ಕೆ ಹೆಚ್ಚೇನೂ ಸಿಕ್ಕುವುದಿಲ್ಲ. ನೀರಿಗೆ ಅಂಟಿ ಹರಡಿಕೊಂಡ ತಾವರೆಯ ದಳ ತೆರೆದ ಕಡಲಿಗೆ ಒಗ್ಗುವ ಆಕಾರವೇ ಅಲ್ಲ. ಹಾಲೆಂಡಿನಲ್ಲಿ ಕಾಂಕ್ರೀಟಿನ ತೊಟ್ಟಿಗಳ ಮೇಲೆ ತೇಲುವ ಮನೆಗಳಲ್ಲಿ ಜನ ಸುಖವಾಗಿ ಸಂಸಾರ ಮಾಡುತ್ತಿದ್ದಾರೆ, ನಿಜ. ಅವು ಇರುವುದು ಅಲೆಯಿಲ್ಲದ ಒಳನೀರಿನಲ್ಲಿ.

ಗಾಜಿನ ಗುಮ್ಮಟದ ಮಾತು ಇನ್ನೂ ಕಠಿಣ. ನೀರಿನಲ್ಲಿ ಪ್ರತಿ ೧೦ ಮೀಟರ್ ಇಳಿದಂತೆ ಒಂದೊಂದು ವಾಯುಮಂಡಲದ ಒತ್ತಡ ಕೂಡುತ್ತದೆ. ೩೦ ಮೀಟರ್ ಆಳದಲ್ಲಿ ಒಳಗೆ ನಮ್ಮ ಮಾಮೂಲು ಗಾಳಿಯನ್ನೇ ಇಟ್ಟುಕೊಂಡರೆ, ಒಂದು ಚದರ ಮೀಟರ್ ಕಿಟಕಿಯ ಮೇಲೆ ೩೦ ಟನ್ ಭಾರ. ಅದನ್ನು ತಡೆಯುವ ಗಾಜು ಮಾಡಬಹುದು ಎನ್ನಿ. ಆದರೆ ಒಳಗಿನ ಗಾಳಿ ಸುಮ್ಮನಿರುವುದಿಲ್ಲ. ಒಂದೊಂದು ಘನ ಮೀಟರ್ ಗಾಳಿಯೂ ಒಂದು ಟನ್ ಬಲದಿಂದ ಮೇಲಕ್ಕೆ ಜಗ್ಗುತ್ತದೆ. ೧೦ ಮೀಟರ್ ಎತ್ತರದ ಅರೆಗೋಲದ ಗುಮ್ಮಟವನ್ನು ತಳದಲ್ಲಿ ಹಿಡಿದಿಡಲು ಎರಡು ಸಾವಿರ ಟನ್ನಿಗೂ ಮಿಕ್ಕ ಭಾರ ಬೇಕು. ಚಿತ್ರದಲ್ಲಿ ಅದು ಬೋರಲು ಹಾಕಿದ ಬಟ್ಟಲಿನಂತೆ ಮರಳಿನ ಮೇಲೆ ತಣ್ಣಗೆ ಕುಳಿತಿರುತ್ತದೆ.

ಕಡಲಡಿಯಲ್ಲಿ ನಿಜವಾಗಿ ಮನೆ ಮಾಡಿದವರು ಬೇರೊಂದು ದಾರಿ ಹಿಡಿದರು. ೧೯೬೩ರಲ್ಲಿ ಫ್ರಾನ್ಸಿನ ಝಾಕ್ ಕುಸ್ಟೊ ಅವರ ತಂಡ ಸೂಡಾನಿನ ಹತ್ತಿರ, ಕೆಂಪು ಸಮುದ್ರದೊಳಗೆ ಸುಮಾರು ೧೦ ಮೀಟರ್ ಆಳದಲ್ಲಿ ನಕ್ಷತ್ರಮೀನಿನ ಆಕಾರದ ಉಕ್ಕಿನ ಮನೆಯನ್ನು ಇರಿಸಿ, ಅಲ್ಲಿ ಒಂದು ತಿಂಗಳು ಬಾಳಿತು. ಆ ಮನೆಯ ನೆಲದಲ್ಲಿ ಬಾಗಿಲಿಲ್ಲದ ಒಂದು ತೂತು; ಅದರಿಂದಲೇ ಕಡಲಿಗೆ ಇಳಿಯುವುದು. ನೀರು ಒಳಗೆ ನುಗ್ಗಲಿಲ್ಲವೇ? ಇಲ್ಲ. ಲೋಟವನ್ನು ಬೋರಲಾಗಿ ಬಕೆಟ್ಟಿನ ನೀರಿನಲ್ಲಿ ಅದ್ದಿ ನೋಡಿ, ಗೊತ್ತಾಗುತ್ತದೆ. ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನಷ್ಟೇ ಇದ್ದುದರಿಂದ ನೀರು ಹೊಸ್ತಿಲಲ್ಲೇ ನಿಂತಿತು. ಆದರೆ ಅಂಥ ಗಾಳಿಯಲ್ಲಿ ದಿನಗಟ್ಟಲೆ ಇದ್ದವನು ಥಟ್ಟನೆ ಮೇಲಕ್ಕೆ ಬರುವಂತಿಲ್ಲ. ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಕಡಲಡಿಯ ಮನೆಯ ಹುಡುಗನೊಬ್ಬ ಬೆಳಗ್ಗೆ ಮೇಲಿನ ಶಾಲೆಗೆ ಹೋಗಿ ಸಂಜೆ ಹಿಂದಿರುಗುವಂತಿಲ್ಲ ಎಂದಾಯಿತು. ಯಾವ ಚಿತ್ರಕಾರನೂ ಇದನ್ನು ತೋರಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಹೀಗೆಂದು ಈ ಚಿತ್ರಗಳೆಲ್ಲ ಪೊಳ್ಳು ಎಂದು ತಳ್ಳಿಹಾಕಬಾರದು. ೨೦೦೮ರಲ್ಲಿ ಬೆಲ್ಜಿಯಮ್ಮಿನ ವಾಸ್ತುಶಿಲ್ಪಿ ವಿನ್ಸೆಂಟ್ ಕ್ಯಾಲೆಬೊ ಅವರು ‘ಲಿಲಿಪ್ಯಾಡ್’ ಎಂಬ ತೇಲುವ ನಗರದ ಚಿತ್ರಗಳನ್ನು ಹೊರತಂದರು. ಕಡಲೇರಿ ನೆಲೆ ಕಳೆದುಕೊಂಡ ೫೦,೦೦೦ ಜನಕ್ಕೆ ಒಂದೊಂದು ನಗರ ಎಂಬುದು ಅವರ ಎಣಿಕೆ. ಆಕಾರಕ್ಕೆ ಅವರು ಹಿಡಿದ ಮಾದರಿ ಅಮೆಜಾನ್ ಪ್ರದೇಶದ ದೈತ್ಯ ನೈದಿಲೆಯ ಎಲೆ. ಈ ಎಲೆಗೂ ಕಟ್ಟಡಗಳಿಗೂ ಹಳೆಯ ನಂಟು. ಇಂಗ್ಲೆಂಡಿನ ತೋಟಗಾರ ಜೋಸೆಫ್ ಪ್ಯಾಕ್ಸ್ಟನ್ ೧೮೪೯ರಲ್ಲಿ ತಾನು ಬೆಳೆಸಿದ ಇಂಥ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನೇ ನಿಲ್ಲಿಸಿ ನೋಡಿದ, ಎಲೆ ಮುಳುಗಲಿಲ್ಲ. ಮೇಲೆ ತಟ್ಟೆಯಂತೆ ನಯವಾಗಿರುವ ಅದನ್ನು ಮಗುಚಿದರೆ ಕೆಳಗೆ ಬಲವಾದ ನರಗಳ ಜಾಲ. ೧೮೫೧ರಲ್ಲಿ ಲಂಡನ್ನಿನಲ್ಲಿ ಆತ ಕಟ್ಟಿದ ಸ್ಫಟಿಕದ ಅರಮನೆಗೆ ಆ ನರಗಳೇ ಸ್ಫೂರ್ತಿ. ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ೧೮೮೯ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಗೆ ಆ ಅರಮನೆಯೇ ಮೇಲ್ಪಂಕ್ತಿ. ಮುಂದಿನ ಸಲ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ತಲೆಯೆತ್ತಿ ಕಮಾನುಗಳನ್ನು ನೋಡಿ. ಪ್ಯಾಕ್ಸ್ಟನ್ ಎಲೆಯ ತಳವನ್ನು ನೋಡಿದ. ಇಂದಿನ ಚಿತ್ರಕಾರರಲ್ಲಿ ಹೆಚ್ಚಿನವರು ಅದರ ಮೇಲ್ಮೈಯ ಚೆಲುವಿಗೇ ಮರುಳಾಗಿದ್ದಾರೆ ಎಂದು ನನ್ನ ಅನಿಸಿಕೆ.

ಇದು ಬರಿಯ ಅಂದಚಂದದ ಮಾತಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ೧೯೦೧ರಿಂದ ೨೦೧೮ರ ವರೆಗೆ ಪ್ರಪಂಚದ ಕಡಲ ಮಟ್ಟ ಸರಾಸರಿ ೨೦ ಸೆಂಟಿಮೀಟರ್ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ. ಮಾಲ್ಡೀವ್ಸ್, ಟುವಾಲು ಮೊದಲಾದ ತಗ್ಗು ದ್ವೀಪಗಳವರಿಗೆ ತೇಲುವ ಊರಿನ ಚಿತ್ರ ಕಥೆಯ ಅಲಂಕಾರವಲ್ಲ, ಯಾರೋ ಮುಂದೆ ಹಿಡಿದ ಭರವಸೆಯ ಪತ್ರ. ೨೦೧೯ರಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿಯೇ ‘ಓಷಿಯಾನಿಕ್ಸ್’ ಎಂಬ ತೇಲುವ ನಗರದ ಚಿತ್ರಗಳನ್ನು ಪ್ರದರ್ಶಿಸಲಾಯಿತು. ೨೦೨೨ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಬಂದರಿಗೆಂದು ಅದರ ವಿನ್ಯಾಸ ಪ್ರಕಟವಾಯಿತು: ೬.೩ ಹೆಕ್ಟೇರ್ ವಿಸ್ತಾರದಲ್ಲಿ ೧೨,೦೦೦ ಜನ. ಭಾಗಿಸಿ ನೋಡಿದರೆ ಒಬ್ಬೊಬ್ಬರ ಪಾಲಿಗೆ ಬರುವ ತಳ ಐದು ಚದರ ಮೀಟರಿಗಿಂತ ತುಸು ಹೆಚ್ಚು. ಚಿತ್ರದಲ್ಲಿ ಮಾತ್ರ ಬೀದಿಗಳೆಲ್ಲ ಬಿಡುಬೀಸು. ಜೂಲ್ ವೆರ್ನ್ ೧೮೯೫ರಷ್ಟು ಹಿಂದೆಯೇ ಕೋಟ್ಯಧೀಶರು ಮಾತ್ರ ಇರುವ ತೇಲುವ ಉಕ್ಕಿನ ದ್ವೀಪವೊಂದರ ಕಾದಂಬರಿ ಬರೆದಿದ್ದ. ಎಡಪಾರ್ಶ್ವದವರಿಗೂ ಬಲಪಾರ್ಶ್ವದವರಿಗೂ ಜಗಳ ಹತ್ತಿ, ಯಂತ್ರಗಳನ್ನು ಒಂದಕ್ಕೊಂದು ಎದುರಾಗಿ ಓಡಿಸಿ, ದ್ವೀಪವನ್ನೇ ಹಾಳುಗೆಡವುತ್ತಾರೆ. ಊರು ತೇಲಿದರೂ ಊರ ಜಗಳ ಮುಳುಗುವುದಿಲ್ಲ ಎಂಬುದು ಆ ಮುದುಕನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಮೊದಲು ಹೇಳಿದ ಆ ಒಂದು ಊರಿನ ಕಥೆಗೆ ಬರೋಣ. ಕಿಯೊನೊರಿ ಕಿಕುಟಾಕೆ ೧೯೨೮ರಲ್ಲಿ ಜಪಾನಿನ ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರು. ತಲೆತಲಾಂತರದಿಂದ ಬಂದ ಜಮೀನ್ದಾರರ ಮನೆ. ಎರಡನೆಯ ಮಹಾಯುದ್ಧದ ನಂತರದ ಭೂಸುಧಾರಣೆಯಲ್ಲಿ ಜಮೀನು ಕೈಬಿಟ್ಟುಹೋಯಿತು. ನೆಲ ಕಳೆದುಕೊಂಡ ಆ ತರುಣ ವಾಸ್ತುಶಿಲ್ಪಿ, ಯಾರದ್ದೂ ಅಲ್ಲದ ಕಡಲಿನ ಮೇಲೆ ಹೊಸ ನೆಲವನ್ನು ತಾನೇ ಮಾಡಬೇಕೆಂದು ಹೊರಟರು. ೧೯೫೮ರಲ್ಲಿ ಆರಂಭಿಸಿದ ಅವರ ‘ಕಡಲ ನಗರ’ದ ಚಿತ್ರಗಳಲ್ಲಿ ತೇಲುವ ತಳದಿಂದ ಭಾರಿ ಕಾಂಕ್ರೀಟ್ ಗೋಪುರಗಳು ಎದ್ದಿವೆ, ಗೋಪುರದ ಸುತ್ತ ಬಿಡಿಬಿಡಿ ಮನೆಗಳನ್ನು ಸಿಕ್ಕಿಸಿದೆ. ಹಳತಾದ ಮನೆಯನ್ನು ಕಳಚಿ ಹೊಸದನ್ನು ಕೂಡಿಸಬಹುದು, ಮರ ಎಲೆ ಉದುರಿಸಿ ಚಿಗುರುವಂತೆ. ೧೯೬೦ರಲ್ಲಿ ಟೋಕಿಯೋದಲ್ಲಿ ಕಿಕುಟಾಕೆಯವರೂ ಗೆಳೆಯರೂ ಸೇರಿ ತಮ್ಮ ಪಂಥಕ್ಕೆ ‘ಮೆಟಬಾಲಿಸಂ’ ಎಂದು ಹೆಸರಿಟ್ಟರು. ಜೀವಿಯ ಒಡಲು ಹಳೆಯದನ್ನು ಕಳೆದು ಹೊಸದನ್ನು ಕೂಡಿಸಿಕೊಳ್ಳುತ್ತದಲ್ಲ, ಆ ಕ್ರಿಯೆಗೆ ವಿಜ್ಞಾನದಲ್ಲಿರುವ ಹೆಸರು ಅದು.

ಅವರ ಯೋಚನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಒಂದು ಸಣ್ಣ ಅಂಶ. ಆ ನಗರಕ್ಕೆ ಮುಪ್ಪುಂಟು. ಆಯುಸ್ಸು ತೀರಿದ ನಗರ ನಡುಗಡಲಿಗೆ ಹೋಗಿ ಅಲ್ಲಿಯೇ ಮುಳುಗಬೇಕು ಎಂದು ಅವರು ಯೋಜಿಸಿದ್ದರು. ಇಂದಿನ ಹೊಳೆಹೊಳೆಯುವ ಚಿತ್ರಗಳಲ್ಲಿ ಒಂದು ತುಕ್ಕಿನ ಕಲೆಯನ್ನಾದರೂ ಹುಡುಕಿ ನೋಡಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪು. ಅದರಲ್ಲಿ ನಿಂತ ಉಕ್ಕನ್ನು ಬಳಿಯುತ್ತ, ಕೆರೆಯುತ್ತ, ತಳಕ್ಕೆ ಹತ್ತಿದ ಚಿಪ್ಪುಗಳನ್ನು ಕೀಳುತ್ತ ಇರುವ ಜನರಿಲ್ಲದೆ ಊರು ಉಳಿಯದು. ಆ ಜನ ಚಿತ್ರದಲ್ಲಿ ಎಂದೂ ಇರುವುದಿಲ್ಲ.

ಅಮೆರಿಕದ ಆಡಳಿತದಲ್ಲಿದ್ದ ಓಕಿನಾವಾ ದ್ವೀಪ ೧೯೭೨ರಲ್ಲಿ ಜಪಾನಿಗೆ ಹಿಂದಿರುಗಿತು. ಆ ನೆನಪಿಗೆ ಅಲ್ಲಿ ೧೯೭೫ರ ಜುಲೈಯಿಂದ ೧೯೭೬ರ ಜನವರಿಯ ವರೆಗೆ ಸಮುದ್ರವನ್ನೇ ವಸ್ತುವಾಗಿಸಿಕೊಂಡು ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಅದರ ನಡುಮಣಿಯಾಗಿ ಕಿಕುಟಾಕೆಯವರ ವಿನ್ಯಾಸದ ‘ಆಕ್ವಾಪೊಲಿಸ್’ ಸಿದ್ಧವಾಯಿತು. ಹಿರೋಶಿಮಾದ ಹಡಗುಕಟ್ಟೆಯಲ್ಲಿ ಉಕ್ಕಿನಿಂದ ಕಟ್ಟಿ, ಕಡಲ ಮೇಲೆ ಎಳೆದು ತಂದರು. ೧೦೦ ಮೀಟರ್ ಉದ್ದ, ೧೦೦ ಮೀಟರ್ ಅಗಲ, ೩೨ ಮೀಟರ್ ಎತ್ತರ. ಮೇಲೆ ಹೇಳಿದ ಎಣ್ಣೆಬಾವಿಯ ಕಟ್ಟೆಯ ಜಾತಿಯೇ: ಆಳದಲ್ಲಿ ದೋಣಿಗಳು, ನಡುವೆ ಕಂಬಗಳು, ಮೇಲೆ ಅಂಗಳ. ದೋಣಿಗಳಿಗೆ ನೀರು ತುಂಬಿ ಇಡೀ ಕಟ್ಟಡವನ್ನು ಬೇಕಾದಷ್ಟು ಇಳಿಸಬಹುದು, ನೀರು ಹೊರದೂಡಿ ಏರಿಸಬಹುದು. ನಮ್ಮ ಬಾವಿಯ ಕೊಡದ ಲೆಕ್ಕವೇ. ದಡದಿಂದ ಒಂದು ಸೇತುವೆಯ ಮೇಲೆ ಜನ ನಡೆದು ಹೋಗಿ ನೋಡಿ ಬರುತ್ತಿದ್ದರು. ಚಿತ್ರವೊಂದು ಹೀಗೆ ಕಾಲಡಿಯ ನೆಲವಾದದ್ದು ಸಣ್ಣ ಸಾಧನೆಯಲ್ಲ. ಬಿರುಗಾಳಿಗಳ ಹಾದಿಯಲ್ಲೇ ಇದ್ದೂ ಅದು ತೇಲಿಯೇ ನಿಂತಿತು.

ಆದರೆ ಊರೆಂಬ ಹೆಸರಿದ್ದರೂ ಅಲ್ಲಿ ಯಾರೂ ಊರು ಕಟ್ಟಿಕೊಂಡು ಬಾಳಲಿಲ್ಲ. ಪ್ರದರ್ಶನ ಮುಗಿದ ಮೇಲೆ ಓಕಿನಾವಾದ ಸರ್ಕಾರ ಅದನ್ನು ಕೊಂಡು ಪ್ರವಾಸಿಗರ ನೋಟಕ್ಕೆ ಇಟ್ಟಿತು. ೧೯೯೩ರಲ್ಲಿ ಅದು ಬಾಗಿಲು ಹಾಕಿತು. ಮತ್ತೆ ಏಳು ವರ್ಷ, ಒಳಗೆ ಯಾರೂ ಇಲ್ಲದೆ, ಉಪ್ಪುಗಾಳಿಯಲ್ಲಿ ದಡದ ಬಳಿ ನಿಂತಿತ್ತು. ೨೦೦೦ದಲ್ಲಿ ಅದನ್ನು ಗುಜರಿಯ ಉಕ್ಕಿಗೆಂದು ಮಾರಿ, ಶಾಂಘೈಗೆ ಎಳೆದೊಯ್ದರು. ನಡುಗಡಲಿನಲ್ಲಿ ಮುಳುಗುವ ಗತಿ ಅದಕ್ಕೆ ಬರಲಿಲ್ಲ. ಕಿಕುಟಾಕೆಯವರಿಗೆ ಆಗ ಎಪ್ಪತ್ತೆರಡು ವರ್ಷ. ಅವರು ೨೦೧೧ರ ವರೆಗೂ ಇದ್ದರು.