ಬಂಡೆ ಏರುವ ಪುಟ್ಟ ಜೀಪಿಗೆ 6 ಮಿಲಿಮೀಟರ್ ಲೆಕ್ಕಾಚಾರ

ರಿಮೋಟ್ ಕಂಟ್ರೋಲ್ ಕಾರು ಎಂದರೆ ಮಕ್ಕಳ ಆಟಿಕೆ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಕಲ್ಲುಬಂಡೆಗಳ ಮೇಲೆ ಆಮೆಗತಿಯಲ್ಲಿ ತೆವಳುತ್ತಾ ಏರುವ ‘ರಾಕ್ ಕ್ರಾಲರ್’ಗಳ ವಿಷಯ ಬೇರೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಹಿಡಿತವೇ ಎಲ್ಲ. ಅಮೆರಿಕದ ಆಕ್ಸಿಯಲ್ ಕಂಪೆನಿ 2016ರಲ್ಲಿ ಹೊರತಂದ ಎಸ್‌ಸಿಎಕ್ಸ್10-2 ಮಾದರಿಯನ್ನೇ ನೋಡಿ. ನಿಜವಾದ ಜೀಪಿನ ಹತ್ತನೇ ಒಂದರಷ್ಟು ಗಾತ್ರದ ಈ ವಾಹನದ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ 313 ಮಿ.ಮೀ. ನಾಲ್ಕೂ ಚಕ್ರಗಳಿಗೆ ಶಕ್ತಿ, ಎರಡೂ ಕಡೆ ಅಖಂಡ ಆಕ್ಸಲ್.

ಕಡಿದಾದ ಬಂಡೆ ಏರುವಾಗ ಕ್ರಾಲರ್ ಹಿಂದಕ್ಕೆ ಮಗುಚಿದರೆ ಹೊಸಬರು ಮೊದಲು ದೂರುವುದು ಮೋಟಾರನ್ನು, ಅನಂತರ ಸ್ಪ್ರಿಂಗನ್ನು. ಎರಡನ್ನೂ ಬದಲಾಯಿಸಿ ಹಣ ಕಳೆದುಕೊಂಡ ಮೇಲೂ ಅದು ಮಗುಚುತ್ತಲೇ ಇರುತ್ತದೆ. ಎಷ್ಟೋ ಸಲ ದೋಷವಿರುವುದು ಆಕ್ಸಲನ್ನು ಷಾಸಿಗೆ ಜೋಡಿಸುವ ಸರಳುಗಳ, ಅಂದರೆ ಲಿಂಕ್‌ಗಳ ಕೋನದಲ್ಲಿ.

ಹಿಂದಿನ ಆಕ್ಸಲಿಗೆ ಸಾಮಾನ್ಯವಾಗಿ ನಾಲ್ಕು ಲಿಂಕ್‌ಗಳಿರುತ್ತವೆ. ಕೆಳಗಿನ ಎರಡು ಚಕ್ರದ ನೂಕುಬಲವನ್ನು ಷಾಸಿಗೆ ತಲುಪಿಸುತ್ತವೆ. ಮೇಲಿನ ಎರಡು ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುತ್ತವೆ. ಒಂದು ತುದಿಯಲ್ಲಿ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ಇರುವುದರಿಂದ ಆಕ್ಸಲ್ ಪಕ್ಕಕ್ಕೆ ಸರಿಯದಂತೆಯೂ ಕಾಯುತ್ತವೆ.

ವಾಹನವನ್ನು ಪಕ್ಕದಿಂದ ನೋಡಿ, ಮೇಲಿನ ಮತ್ತು ಕೆಳಗಿನ ಲಿಂಕ್‌ಗಳ ಗೆರೆಗಳನ್ನು ಮುಂದಕ್ಕೆ ಎಳೆಯಿರಿ. ಅವು ಒಂದು ಬಿಂದುವಿನಲ್ಲಿ ಸಂಧಿಸುತ್ತವೆ. ಹಿಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಮತ್ತೊಂದು ಗೆರೆ ಎಳೆದು, ಅದು ಮುಂದಿನ ಆಕ್ಸಲಿನ ನೇರಕ್ಕೆ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ಆ ಎತ್ತರ ವಾಹನದ ಗುರುತ್ವಕೇಂದ್ರದ ಎತ್ತರಕ್ಕೆ ಸಮನಾದರೆ ‘ಆಂಟಿ-ಸ್ಕ್ವಾಟ್’ ಶೇ. 100. ಅದಕ್ಕಿಂತ ಬಹಳ ಕಡಿಮೆಯಾದರೆ ಏರಿನಲ್ಲಿ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ. ಬಹಳ ಹೆಚ್ಚಾದರೆ ಹಿಂಭಾಗ ಮೇಲೆದ್ದು ಚಕ್ರ ಕುಪ್ಪಳಿಸುತ್ತದೆ.

ಒಂದು ಉದಾಹರಣೆ ನೋಡೋಣ. ಆಕ್ಸಲಿನಲ್ಲಿ ಕೆಳಗಿನ ಲಿಂಕ್ ನೆಲದಿಂದ 50 ಮಿ.ಮೀ., ಮೇಲಿನದು 80 ಮಿ.ಮೀ. ಎತ್ತರದಲ್ಲಿವೆ ಎನ್ನಿ. 110 ಮಿ.ಮೀ. ಮುಂದೆ, ಷಾಸಿಯಲ್ಲಿ, ಅವು 72 ಮತ್ತು 86 ಮಿ.ಮೀ. ಎತ್ತರದಲ್ಲಿವೆ. ಗುರುತ್ವಕೇಂದ್ರದ ಎತ್ತರ 90 ಮಿ.ಮೀ. ಲೆಕ್ಕ ಹಾಕಿದರೆ ಆಂಟಿ-ಸ್ಕ್ವಾಟ್ ಸುಮಾರು ಶೇ. 154. ಈಗ ಷಾಸಿಯಲ್ಲಿ ಮೇಲಿನ ಲಿಂಕನ್ನು ಕೇವಲ 6 ಮಿ.ಮೀ. ಎತ್ತರದ ಇನ್ನೊಂದು ರಂಧ್ರಕ್ಕೆ ಬದಲಾಯಿಸಿದರೆ ಅದು ಶೇ. 122ಕ್ಕೆ ಇಳಿಯುತ್ತದೆ. ಕೈಯಿಂದ ಹೋಗುವುದು ಒಂದು ಸ್ಕ್ರೂ ತಿರುಗಿಸುವ ಶ್ರಮ ಮಾತ್ರ! ಆದರೆ ಮುಂದಿನ ಚಕ್ರಗಳೂ ಎಳೆಯುವುದರಿಂದ ಈ ಅಂಕಿಯನ್ನು ವೇದವಾಕ್ಯವೆಂದು ತಿಳಿಯಬಾರದು. ಎರಡು ಜೋಡಣೆಗಳನ್ನು ಹೋಲಿಸಲು ಮಾತ್ರ ಅದು ಉಪಯುಕ್ತ.

ಮುಂಭಾಗದಲ್ಲಿ ಸ್ಟೀರಿಂಗ್ ಇರುವುದರಿಂದ ತೊಡಕು ಇನ್ನೂ ಹೆಚ್ಚು. ಸ್ಟೀರಿಂಗ್ ಸರ್ವೊ ಷಾಸಿಯ ಮೇಲಿದ್ದರೆ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡಲು ಪ್ಯಾನ್‌ಹಾರ್ಡ್ ಸರಳು ಬೇಕಾಗುತ್ತದೆ. ಅದು ಸ್ಟೀರಿಂಗ್ ಸರಳಿಗೆ ಸಮಾನಾಂತರವಾಗಿ, ಬಹುತೇಕ ಅಷ್ಟೇ ಉದ್ದವಾಗಿರಬೇಕು. ಇಲ್ಲವಾದರೆ ಪ್ರತಿ ಕಲ್ಲಿಗೂ ಚಕ್ರ ತಾನಾಗಿಯೇ ತಿರುಗುತ್ತದೆ. ಮೇಲಿನ ಲಿಂಕನ್ನು ಗಿಡ್ಡ ಮಾಡಿದರೆ ಆಕ್ಸಲಿನ ತಲೆ ಹಿಂದಕ್ಕೆ ವಾಲಿ ಸ್ಟೀರಿಂಗ್ ಸ್ಥಿರವಾಗುತ್ತದೆ. ಆದರೆ ಪಿನಿಯನ್ ನೆಲದತ್ತ ಬಾಗಿ ಡ್ರೈವ್ ಶಾಫ್ಟಿನ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಲಿಂಕ್‌ಗಳ ನಡುವೆ 20 ಮಿ.ಮೀ. ಅಂತರವಿದ್ದರೆ 1 ಮಿ.ಮೀ. ಬದಲಾವಣೆಗೇ ಆಕ್ಸಲ್ ಸುಮಾರು 3 ಡಿಗ್ರಿ ತಿರುಗುತ್ತದೆ!

ಥ್ರಾಟಲ್ ಒತ್ತಿದ ಕೂಡಲೇ ಷಾಸಿ ಒಂದು ಪಕ್ಕಕ್ಕೆ ತಿರುಚಿಕೊಳ್ಳುವುದು ಮತ್ತೊಂದು ಕಾಯಿಲೆ. ಇದಕ್ಕೆ ಲಿಂಕ್ ಕೋನದ ಚಿಕಿತ್ಸೆ ಅರೆಬರೆ ಮಾತ್ರ. ಡ್ರೈವ್ ಶಾಫ್ಟಿನ ತಿರುಚುಬಲವೇ ಕಾರಣವಾದ್ದರಿಂದ ಚಕ್ರದ ಬಳಿಯೇ ಗೇರ್ ಇಳಿಸುವ ಪೋರ್ಟಲ್ ಆಕ್ಸಲ್ ಹೆಚ್ಚು ಪರಿಣಾಮಕಾರಿ. ಟ್ರ್ಯಾಕ್ಸಸ್ ಕಂಪೆನಿಯ 2017ರ ಟಿಆರ್‌ಎಕ್ಸ್-4 ಮಾದರಿಯಲ್ಲಿ ಇದೇ ವ್ಯವಸ್ಥೆಯಿದೆ.

ಅಳತೆಯನ್ನು ಬ್ಯಾಟರಿ ಮತ್ತು ಬಾಡಿ ಕೂರಿಸಿ, ವಾಹನವನ್ನು ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿಯೇ ತೆಗೆದುಕೊಳ್ಳಬೇಕು. ಮಗುಚುವುದನ್ನು ತಪ್ಪಿಸಲು ಬ್ಯಾಟರಿಯನ್ನು ಕೆಳಗಿಳಿಸುವವರು ಇದನ್ನು ಮರೆಯುವುದುಂಟು: ಮೇಲಿನ ಉದಾಹರಣೆಯಲ್ಲಿ ಗುರುತ್ವಕೇಂದ್ರ 90ರಿಂದ 80 ಮಿ.ಮೀ.ಗೆ ಇಳಿದರೆ ಶೇ. 122 ಇದ್ದ ಆಂಟಿ-ಸ್ಕ್ವಾಟ್ ಮತ್ತೆ ಶೇ. 137ರ ಆಸುಪಾಸಿಗೆ ಏರುತ್ತದೆ. ಆಗ ಆ ಸ್ಕ್ರೂವನ್ನು ಇನ್ನೂ ಒಂದು ರಂಧ್ರ ಮೇಲಕ್ಕೆ ಕೊಂಡೊಯ್ಯಬೇಕಾದೀತು.