ಬಾಳಿನ ನಡುಹಗಲಲ್ಲಿ ಏಳುವ ನೆನಪು

ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ದಾರಿಯನ್ನು ಹಿಡಿದ ಬಳಿಕ, ಐವತ್ತನ್ನು ಸಮೀಪಿಸಿದ ಗೃಹಿಣಿಗೆ ಬಹುಕಾಲ ಕಾಣದಿದ್ದ ಬಿಡುವು ದೊರೆಯುತ್ತದೆ. ಆಗ ಆಕೆ ತನ್ನ ಬಾಳಿನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದುಂಟು. ಮದುವೆಗೆ ಮೊದಲು ಮನಸ್ಸು ಯಾರಲ್ಲಿ ನೆಟ್ಟಿದ್ದಿತೋ ಆತನ ನೆನಪು ಏಳುವುದೂ ಉಂಟು. ಮನೆಯವರು ಅದನ್ನು ಅರಿತರೆ ನಗುವರು, ಇಲ್ಲವೆ ಶಂಕಿಸುವರು. ಆಕೆಯೂ ಅದನ್ನು ಪಾಪವೆಂದೇ ಬಗೆದು ಅಂಜುವಳು. ಈ ನೆನಪಿನ ಸ್ವರೂಪವೇನೆಂಬುದನ್ನು ವಾಚಕರು ನಿದಾನವಾಗಿ ವಿಚಾರಿಸಬೇಕು.

ಸಂಸ್ಕೃತದ ಕವಯಿತ್ರಿಯರಲ್ಲಿ ಶೀಲಾಭಟ್ಟಾರಿಕೆಯ ಹೆಸರು ಪ್ರಸಿದ್ಧವಾದುದು. ಬಾದಾಮಿ ಚಾಲುಕ್ಯರ ತಾಮ್ರಶಾಸನವೊಂದರ ಆಧಾರದಿಂದ, ಆಕೆ ಇಮ್ಮಡಿ ಪುಲಕೇಶಿಯ ಮಗಳೆಂಬ ಅಭಿಪ್ರಾಯವನ್ನು ಪುಣೆಯ ಭಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು 2023ರಲ್ಲಿ ಪ್ರಕಟಿಸಿದರು. ಆಕೆಯದೆನ್ನಲಾಗುವ ಶ್ಲೋಕವೊಂದನ್ನು ಮಮ್ಮಟನು ‘ಕಾವ್ಯಪ್ರಕಾಶ’ದ ಮೊದಲನೆಯ ಉಲ್ಲಾಸದಲ್ಲಿಯೇ ಉದಾಹರಿಸಿದ್ದಾನೆ. ಅಲ್ಲಿ ಮಾತನಾಡುವವಳು ತಾನು ಒಲಿದವನನ್ನೇ ವರಿಸಿದವಳು. ಗಂಡನೂ ಋತುವೂ ಬದಲಾಗದಿದ್ದರೂ ಆಕೆಯ ಮನಸ್ಸು ನರ್ಮದೆಯ ದಡದ ಹಳೆಯ ಭೇಟಿಗಳಿಗಾಗಿ ಹಂಬಲಿಸುತ್ತದೆ. ಪ್ರಿಯನನ್ನು ಪಡೆದವಳಿಗೂ ಈ ಹಂಬಲವುಂಟೆಂದ ಮೇಲೆ, ಕಳೆದುಹೋದುದು ಪುರುಷನಲ್ಲ, ಕಳೆದುಹೋದುದು ಆ ಕಾಲ, ಆ ಕಾಲದಲ್ಲಿ ತಾನಿದ್ದ ಬಗೆ ಎಂದು ತಿಳಿಯಬೇಕಲ್ಲವೆ?

ಒಲಿದವನನ್ನು ಬಿಟ್ಟು ಬೇರೊಬ್ಬನನ್ನು ವರಿಸಿದವಳ ಪಾಡನ್ನು ಇಂಗ್ಲೆಂಡಿನ ಲೇಖಿಕೆ ವರ್ಜೀನಿಯಾ ವುಲ್ಫ್ 1925ರಲ್ಲಿ ಪ್ರಕಟವಾದ ‘ಮಿಸೆಸ್ ಡಾಲೊವೆ’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಅದು 1923ರ ಜೂನ್ ತಿಂಗಳ ಒಂದೇ ದಿನ ಲಂಡನ್ನಿನಲ್ಲಿ ನಡೆಯುವ ಕಥೆ. ಐವತ್ತು ದಾಟಿದ ಕ್ಲಾರಿಸ್ಸಾ, ಪಾರ್ಲಿಮೆಂಟಿನ ಸದಸ್ಯನೊಬ್ಬನ ಪತ್ನಿ. ಸಂಜೆಯ ಔತಣಕ್ಕಾಗಿ ಹಸುರು ಉಡುಪಿನ ಹರಕನ್ನು ಹೊಲಿಯುತ್ತ ಕುಳಿತಿರುವಾಗ, ತಾರುಣ್ಯದಲ್ಲಿ ಆಕೆಯನ್ನು ಬಯಸಿದ್ದ ಪೀಟರ್ ವಾಲ್ಷ್ ಇಂಡಿಯಾದಿಂದ ಹಿಂದಿರುಗಿದವನು ಎದುರಿಗೆ ಬಂದು ನಿಲ್ಲುತ್ತಾನೆ. ಆಕೆ ಆತನನ್ನು ನಿರಾಕರಿಸಿದುದಕ್ಕೆ ಕಾರಣವಿದ್ದಿತು: ಆತನೊಡನೆ ಮನಸ್ಸಿನ ಪ್ರತಿಯೊಂದು ಮೂಲೆಯನ್ನೂ ಹಂಚಿಕೊಳ್ಳಬೇಕಾಗುತ್ತಿದ್ದಿತು; ಗಂಡನಾದ ರಿಚರ್ಡನೊಡನೆ ತನ್ನದೆಂಬ ಸ್ವಲ್ಪ ಎಡೆ ಉಳಿಯಿತು. ಆ ಕಾರಣವು ಸರಿಯೆಂದು ಬಲ್ಲವಳಾದರೂ ಆಕೆ ನೋಯುತ್ತಾಳೆ. ಆದುದರಿಂದ ನೆನೆಯುವುದೆಲ್ಲವೂ ಪಶ್ಚಾತ್ತಾಪವಲ್ಲ. ಆಯ್ದುಕೊಂಡ ದಾರಿಯನ್ನೂ ಬಿಟ್ಟ ದಾರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ವಿವೇಕವೂ ಅದರಲ್ಲಿರುತ್ತದೆ.

ಅದೇ ದಿನ ರಿಚರ್ಡನು ಪತ್ನಿಗೆ ಪ್ರೀತಿಯ ಮಾತನ್ನು ಹೇಳಲೆಂದೇ ಗುಲಾಬಿಗಳನ್ನು ಕೊಂಡು ಮನೆಗೆ ಬರುತ್ತಾನೆ. ಹೂಗಳನ್ನು ಕೊಡುತ್ತಾನೆ, ಮಾತು ಮಾತ್ರ ಹೊರಡುವುದಿಲ್ಲ. ಆಕೆ ಹೇಳದಿದ್ದುದನ್ನೂ ಅರಿತುಕೊಳ್ಳುತ್ತಾಳೆ. ನಮ್ಮ ಮನೆಗಳ ಯಜಮಾನರು ಈ ಪ್ರಸಂಗವನ್ನು ಎರಡು ಸಲ ಓದುವುದು ಒಳ್ಳೆಯದು. ಹೇಳದೆ ಅರಿಯುವ ಭಾರವನ್ನೆಲ್ಲ ಹೆಂಡತಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ನಮ್ಮಲ್ಲಿ ಒಲಿಯುವ ವಯಸ್ಸಿಗೆ ಮುಂಚೆಯೇ ಮದುವೆಯಾದ ಹೆಣ್ಣುಮಕ್ಕಳು ಅನೇಕರು. ಹುಡುಗಿಯ ವಿವಾಹಕ್ಕೆ 14 ವರ್ಷ ತುಂಬಿರಬೇಕೆಂಬ ಶಾರದಾ ಕಾಯಿದೆಯೇ ಆದುದು 1929ರಲ್ಲಿ. ಅಂಥವರಲ್ಲಿ ಎಷ್ಟೋ ಮಂದಿಗೆ ಕೈತಪ್ಪಿದ ಮೊದಲ ಒಲವೆಂದರೆ ಪುರುಷನಲ್ಲ. ನಡುವೆ ನಿಂತ ಓದು, ಗೂಡು ಸೇರಿದ ವೀಣೆ. ಗಂಡನ್ನು ನೆನೆದರೂ ವೀಣೆಯನ್ನು ನೆನೆದರೂ ಹಂಬಲದ ಬೇರು ಒಂದೇ.

ಆದುದರಿಂದ ಮನೆಯ ಹಿರಿಯಳು ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದರೆ ಹಾಸ್ಯಮಾಡಬೇಡಿರಿ. ತಟ್ಟನೆ ಕೆಲಸವನ್ನೂ ಹೇಳಬೇಡಿರಿ. ಹೇಳಬಯಸಿದರೆ ಕೇಳಿರಿ, ಬಯಸದಿದ್ದರೆ ಕೆದಕಬೇಡಿರಿ. ಹದಿನೆಂಟರ ಹುಡುಗಿಯೊಬ್ಬಳು ಆಕೆಯಲ್ಲಿ ಇನ್ನೂ ಬದುಕಿದ್ದಾಳೆ. ಅವಳನ್ನು ಹೊರಗಟ್ಟಿದರೆ ಸಂಸಾರಕ್ಕೆ ಲಾಭವಿಲ್ಲ. ಅವಳಿಗೂ ಮನೆಯಲ್ಲಿ ಒಂದು ಮಣೆಯಿರಲಿ.