ಬಂಧುವಿಗಾಗಿ ಹಾಕಿದ ರುಜು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾದ ಕಾಯಿಯ ಹಣದಿಂದ ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ಮನೆಗಳಿಗೆ, ಅಮೆರಿಕದಲ್ಲಿ ಒಬ್ಬ ಮಗನೋ ಮಗಳೋ ಇರುವುದು ಇಂದು ಅಪೂರ್ವವೇನಲ್ಲ. ಆ ಮಗ ಅಲ್ಲಿಯ ಪೌರತ್ವವನ್ನು ಪಡೆದನೆಂದರೆ, ಊರಿನಲ್ಲುಳಿದ ತಮ್ಮನನ್ನೂ ಅವನ ಸಂಸಾರವನ್ನೂ ಕರೆಸಿಕೊಳ್ಳಲೆಂಬ ಮಾತು ಏಳುವುದೂ ಸಹಜವೇ. ಆದರೆ ಹಾಗೆ ಕರೆಸಿಕೊಳ್ಳುವವನು ಹಾಕುವ ರುಜುವಿನ ಭಾರವೆಷ್ಟೆಂಬುದನ್ನು ಬಲ್ಲವರು ವಿರಳ.

ಅಮೆರಿಕದಲ್ಲಿ 1996ರಲ್ಲಾದ ಶಾಸನದ ಮೇರೆಗೆ, 1997ರ ಡಿಸೆಂಬರ್ 19ರಿಂದೀಚೆಗೆ, ಐ-864 ಎಂಬ ನಮೂನೆಯಲ್ಲಿ ಬರೆದುಕೊಡುವ ಪೋಷಣಾ ಪ್ರತಿಜ್ಞೆಯು ಬರಿಯ ಶಿಫಾರಸು ಪತ್ರವಲ್ಲ, ನ್ಯಾಯಾಲಯದಲ್ಲಿ ಜಾರಿಗೊಳಿಸಬಹುದಾದ ಕರಾರು. ಬಂದವನ ಜೀವನವು ಅಲ್ಲಿಯ ಸರ್ಕಾರ ಗೊತ್ತುಮಾಡಿದ ಬಡತನದ ಮಟ್ಟದ ಶೇಕಡಾ 125ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದೂ, ಅವನು ಕೆಲವು ಬಗೆಯ ಸರ್ಕಾರಿ ಸಹಾಯವನ್ನು ಪಡೆದಲ್ಲಿ ಆ ಹಣವನ್ನು ತೆರುವುದೂ ರುಜು ಹಾಕಿದವನ ಹೊಣೆ. ಬಂದವನು ಪೌರನಾಗುವವರೆಗೆ, ಇಲ್ಲವೆ ಸುಮಾರು ಹತ್ತು ವರ್ಷಗಳ ದುಡಿಮೆ ಅವನ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೆ ಅವನು ಕಾಯಂ ನಿವಾಸದ ಹಕ್ಕನ್ನು ಕಳೆದುಕೊಂಡು ದೇಶ ಬಿಡುವವರೆಗೆ, ಇಲ್ಲವೆ ಇಬ್ಬರಲ್ಲೊಬ್ಬರು ತೀರಿಕೊಳ್ಳುವವರೆಗೆ ಈ ಹೊಣೆ ಬಿಡದು. ಕರೆಸಿಕೊಂಡದ್ದು ಹೆಂಡತಿಯನ್ನಾದರೆ, ವಿಚ್ಛೇದನವಾದರೂ ಬಿಡದು. ವಿಚ್ಛೇದಿತ ಪತ್ನಿ ಕೆಲಸ ಹುಡುಕಲಿಲ್ಲವೆಂಬ ನೆಪದಿಂದ ಪತಿ ನುಣುಚಿಕೊಳ್ಳಲಾರನೆಂದು ಷಿಕಾಗೋದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿದೆ.

ವಂಚನೆ ನುಸುಳುವುದು ಬಹುಮಟ್ಟಿಗೆ ವಾತ್ಸಲ್ಯದ ಬಾಗಿಲಿನಿಂದಲೇ. ಕೂಡುಕುಟುಂಬದಲ್ಲಿ ದೊಡ್ಡಪ್ಪನ ಮಗನೂ ಒಡಹುಟ್ಟಿದವನಂತೆ ಬೆಳೆದಿರುತ್ತಾನೆ; ಆದರೆ ಆ ಕಾನೂನು ತಾಯಿಯೋ ತಂದೆಯೋ ಒಬ್ಬರಾದರೂ ಸಮಾನವಾಗಿರುವವರನ್ನಲ್ಲದೆ ಸೋದರರೆಂದು ಒಪ್ಪದು. ಭಾರತೀಯ ಸೋದರರ ವೀಸಾ ಸರದಿ ಬರುವುದಕ್ಕೆ ಹದಿನೈದು ವರ್ಷಕ್ಕೂ ಹೆಚ್ಚು ಕಾಯಬೇಕಾಗಿರುವುದರಿಂದ, ಅಷ್ಟರಲ್ಲಿ ತಮ್ಮನ ಮಗನಿಗೆ ಇಪ್ಪತ್ತೊಂದು ತುಂಬಿ ಅವನು ಹೊರಗುಳಿಯುವ ಸಂಭವವುಂಟು. ಆಗ ಜನನದ ತಾರೀಖನ್ನು ಹಿಂದುಮುಂದು ಮಾಡುವ ಪ್ರಲೋಭನೆ ಹುಟ್ಟುತ್ತದೆ. ಮನೆಯಲ್ಲಿಯೇ ಹೆರಿಗೆಯಾಗಿ ದಾಖಲಾಗದೆ ಉಳಿದ ಜನನಗಳು ಹಳ್ಳಿಗಳಲ್ಲಿ ಇದ್ದುದರಿಂದ, ತಡವಾಗಿ ಪಡೆದ ಜನನಪತ್ರವನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಡನೆಯೂ ಇತರ ದಾಖಲೆಗಳೊಡನೆಯೂ ಹೋಲಿಸಿ ನೋಡುವ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನ ಅಧಿಕಾರಿಗೆ ವ್ಯತ್ಯಾಸ ಕಣ್ಣಿಗೆ ಬೀಳದಿರುವುದಿಲ್ಲ. ವರಮಾನ ಸಾಲದಾದಾಗ ಆಸ್ತಿಯನ್ನು ತೋರಿಸಬಹುದು. ಸೋದರನ ವಿಷಯದಲ್ಲಿ ಕೊರತೆಯ ಐದು ಪಟ್ಟು ಬೆಲೆಬಾಳುವ, ಒಂದು ವರ್ಷದೊಳಗೆ ನಗದಾಗಬಲ್ಲ ಆಸ್ತಿ ಬೇಕು. ಇಲ್ಲಿ ತೆಂಗಿನ ತೋಟಕ್ಕೆ ಹೆಚ್ಚಿನ ಬೆಲೆ ಬರೆಸುವುದೂ ಸುಳ್ಳೇ.

ಸುಳ್ಳಿನ ದಂಡ ಕಠಿನವಾದದ್ದು. ಮುಖ್ಯ ಸಂಗತಿಯನ್ನು ತಿಳಿದೂ ತಿರುಚಿದವನಿಗೆ ಆ ದೇಶದ ಬಾಗಿಲು, ಕೆಲವು ವಿನಾಯಿತಿಗಳ ಹೊರತು, ಆಜೀವ ಮುಚ್ಚುತ್ತದೆ. ವೀಸಾಕ್ಕಾಗಿ ಮಾತ್ರವೇ ಮದುವೆಯಾದವರಿಗೆ ಐದು ವರ್ಷಗಳವರೆಗೆ ಸೆರೆ, 2,50,000 ಡಾಲರುಗಳವರೆಗೆ ಜುಲ್ಮಾನೆ. ತಿಳಿದು ತಿಳಿದೂ ರುಜು ಹಾಕಿದ ಬಂಧುವೂ ಅಪರಾಧಿಯೇ. ಇತ್ತ ಪಾಸ್‌ಪೋರ್ಟಿಗೆ ಸುಳ್ಳು ಮಾಹಿತಿ ಕೊಟ್ಟವನಿಗೆ 1967ರ ಪಾಸ್‌ಪೋರ್ಟ್ ಕಾಯಿದೆಯ 12ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆಯುಂಟು. ಕೆನಡಾದಲ್ಲಿಯೂ ಸುಳ್ಳು ಹೇಳಿದವನಿಗೆ ಐದು ವರ್ಷ ಪ್ರವೇಶವಿಲ್ಲ. ಅಲ್ಲಿ, ಕ್ವಿಬೆಕ್ ಪ್ರಾಂತವನ್ನು ಬಿಟ್ಟರೆ, ತಂದೆತಾಯಿಯರನ್ನು ಕರೆಸಿದವನ ಹೊಣೆ ಇಪ್ಪತ್ತು ವರ್ಷ ನಿಲ್ಲುತ್ತದೆ.

ಹಾಗಾದರೆ ಸಂಶಯ ಬಂದವನು ಮಾಡಬೇಕಾದುದೇನು? ಅಮೆರಿಕದ ಮಟ್ಟಿಗೆ, ಬಂಧು ಕಾಯಂ ನಿವಾಸಿಯಾಗುವುದಕ್ಕೆ ಮೊದಲು ಅರ್ಜಿಯನ್ನೂ ಪ್ರತಿಜ್ಞೆಯನ್ನೂ ಲಿಖಿತವಾಗಿ ಹಿಂದೆಗೆದುಕೊಳ್ಳಲು ಅವಕಾಶವಿದೆ, ಆದಮೇಲೆ ಇಲ್ಲ. ವಂಚನೆಯನ್ನು ಅಧಿಕಾರಿಗಳಿಗೆ ತಿಳಿಸುವುದು ಆಗಲೂ ಸಾಧ್ಯ, ಆದರೆ ತಿಳಿಸಿದ ಮಾತ್ರಕ್ಕೆ ಕರಾರು ಕಳಚಿಹೋಗದು. ಏಜೆಂಟನ ಅಭಯವಚನವನ್ನು ನಂಬದೆ, ಅಲ್ಲಿಯ ಪರವಾನಗಿಯುಳ್ಳ ವಕೀಲನೊಬ್ಬನ ಮುಂದೆ ಎಲ್ಲ ಕಾಗದಗಳನ್ನೂ ಇರಿಸಬೇಕು. ಅಣ್ಣನಾದವನು ಇಷ್ಟು ವಿಚಾರಿಸಿದರೆ ತಮ್ಮನ ಮನೆಯವರು ಮುನಿಯಬಹುದು. ಆ ಮುನಿಸನ್ನು ಸಹಿಸುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ತೋಟವನ್ನು ಮಾರಿ ಹೊರಡಲು ಸಿದ್ಧನಾಗಿರುವ ತಮ್ಮನಿಗೂ, ಅವನನ್ನು ಕರೆಸುವ ಅಣ್ಣನಿಗೂ ನನ್ನ ವಿಜ್ಞಾಪನೆ ಇಷ್ಟೇ: ಹುಟ್ಟಿದ ದಿನ, ನಂಟು, ಆಸ್ತಿ, ಈ ಮೂರನ್ನೂ ಇದ್ದದ್ದು ಇದ್ದಂತೆ ಬರೆಯಿರಿ, ಒಂದರಲ್ಲಿ ಸಂದೇಹವಿದ್ದರೂ ರುಜು ಹಾಕಬೇಡಿರಿ.